ನರಿ ನುಗ್ಗೋದು ಬೇಲಿಯ ಬುಡದಿಂದ

ನಮಸ್ಕಾರ. ಹೊತ್ತು ಮುಳುಗ್ತಾ ಇದೆ. ಹುಂಜ ಮುಂದೆ, ಹ್ಯಾಟೆಗಳು ಹಿಂದೆ, ಒಂದೊಂದಾಗಿ ಗೂಡಿನ ಕಡೆ ತಿರುಗಿವೆ ನೋಡಿ. ಬಿಟ್ಟು ಮೇಯಿಸೋ ನಾಟಿ ಕೋಳಿಗೆ ದಿನದಲ್ಲಿ ಅತಿ ಅಪಾಯದ ಹೊತ್ತು ಇದೇ. ನರಿ ಪೊದೆ ಬಿಟ್ಟು ಹೊರಡೋದೂ ಈಗಲೇ.

ಬೇಲಿ ಹಾಕೋ ಮುಂಚೆ ಕದೀತಿರೋರು ಯಾರು ಅಂತ ತಿಳ್ಕೊಳ್ಳಿ. ನಮ್ಮ ಬಯಲುಸೀಮೆಯಲ್ಲಿ ಬಾಲದ ತುದಿ ಕಪ್ಪಗಿರೋ ಗುಳ್ಳೆನರಿ ಇದೆ. ಎರಡರಿಂದ ನಾಲ್ಕು ಕೆ.ಜಿ. ತೂಗೋ ಸಣ್ಣ ಪ್ರಾಣಿ. ಅದರ ಹೊಟ್ಟೆ ತುಂಬೋದು ಹೆಚ್ಚಾಗಿ ಇಲಿ, ಮಿಡತೆ, ಗೆದ್ದಲು, ಎಲಚಿ ಹಣ್ಣಿನಿಂದ. ಕೈಗೆ ಸಿಕ್ಕಿದ್ರೆ ಕೋಳಿಮರಿ ಬಿಡಲ್ಲ, ಆದ್ರೆ ದೊಡ್ಡ ಕೋಳಿ ಹೊತ್ಕೊಂಡು ಹೋಗೋದು ಸಾಮಾನ್ಯವಾಗಿ ಅದಕ್ಕಿಂತ ಎರಡು ಮೂರು ಪಟ್ಟು ತೂಕದ, ರಾತ್ರಿ ಊಳಿಡೋ ನರಿ. ನರಿ ಬಂದಿದ್ರೆ ಕೋಳಿ ಕಾಣೆಯಾಗಿರುತ್ತೆ, ಬೇಲಿ ಕಡೆಗೆ ಪುಕ್ಕದ ಜಾಡು ಉಳಿದಿರುತ್ತೆ. ಐದಾರು ಕೋಳಿ ಸತ್ತು ಅಲ್ಲಲ್ಲೇ ಬಿದ್ದಿದ್ರೆ ಹೆಚ್ಚಾಗಿ ಬೀದಿ ನಾಯಿ. ಕತ್ತು, ತಲೆ ಮಾತ್ರ ಕಡಿದಿದ್ರೆ ಮುಂಗುಸಿ ಅಥವಾ ಪುನುಗು ಬೆಕ್ಕನ್ನ ಅನುಮಾನಿಸಿ. ಎಷ್ಟೋ ಕಡೆ ನಾಯಿ ಮಾಡಿದ ಪಾಪ ನರಿ ತಲೆಗೆ ಬರುತ್ತೆ.

ಈಗ ಬೇಲಿ. ಅಂಗಡಿಯಲ್ಲಿ ಕೋಳಿ ಜಾಲರಿ ಅಂತ ಕೊಡೋ ಆರು ಮೂಲೆ ಕಣ್ಣಿನ ತೆಳು ತಂತಿ ಇದೆಯಲ್ಲ, ಅದು ಕೋಳಿ ಹೊರಗೆ ಹೋಗದ ಹಾಗೆ ತಡೆಯುತ್ತೆ ಅಷ್ಟೇ. ನರಿ, ನಾಯಿ ಹಲ್ಲು ಹಾಕಿ ಎಳೆದ್ರೆ ಹರಿದುಹೋಗುತ್ತೆ. ಒಂದು ಇಂಚು ಕಣ್ಣಿನ, 14 ಗೇಜಿನ ವೆಲ್ಡ್ ಮೆಶ್ ತಗೊಳ್ಳಿ. ಗೇಜ್ ಸಂಖ್ಯೆ ಕಡಿಮೆ ಆದಷ್ಟೂ ತಂತಿ ದಪ್ಪ, ಇದು ಅಂಗಡಿಯಲ್ಲಿ ನೆನಪಿರಲಿ. ಎತ್ತರ ಆರು ಅಡಿ, ಅದರ ಮೇಲಿನ ಒಂದು ಅಡಿಯನ್ನ ಹೊರಗಡೆಗೆ ಬಾಗಿಸಿ, ಹತ್ತೋ ಪ್ರಾಣಿಗೆ ಅಲ್ಲಿ ತಲೆ ತಾಗುತ್ತೆ.

ಆದ್ರೆ ಎತ್ತರಕ್ಕೇ ದುಡ್ಡೆಲ್ಲ ಸುರಿದು ಬುಡ ಮರೆಯೋರೇ ಜಾಸ್ತಿ. ಕ್ಯಾಮೆರಾ ಸ್ವಲ್ಪ ಕೆಳಗೆ ತರ್ತೀನಿ. ನರಿ ಬೇಲಿ ಹತ್ತಿರ ಬಂದು, ತಂತಿ ನೆಲಕ್ಕೆ ಸೇರೋ ಜಾಗದಲ್ಲೇ ಕೆರೆಯೋಕೆ ಶುರು ಮಾಡುತ್ತೆ. ಎರಡು ಹೆಜ್ಜೆ ಹಿಂದೆ ಹೋಗಿ ಅಲ್ಲಿಂದ ತೋಡಬೇಕು ಅಂತ ಅದಕ್ಕೆ ಸಾಮಾನ್ಯವಾಗಿ ಹೊಳೆಯಲ್ಲ. ಹಾಗಾಗಿ ಎರಡು ಅಡಿ ಅಗಲದ ಮೆಶ್ ತಗೊಂಡು, ಅರ್ಧ ಅಡಿ ಮೇಲಕ್ಕೆ ಮಡಚಿ ಬೇಲಿಗೆ ಕಟ್ಟಿ, ಉಳಿದ ಒಂದೂವರೆ ಅಡಿಯನ್ನ ಹೊರಗಡೆ ನೆಲದ ಮೇಲೆ ಹಾಸಿ. ಒಳಗಡೆಗೆ ಹಾಸಿದ್ರೆ ಪ್ರಯೋಜನ ಇಲ್ಲ. ಬೈಂಡಿಂಗ್ ವೈರ್ ಅರ್ಧ ಅಡಿಗೊಂದು ಗಂಟು. ಮೇಲೆ ಎರಡು ಮೂರು ಇಂಚು ಮಣ್ಣು, ಅದರ ಮೇಲೆ ಕಲ್ಲು. ಹುಲ್ಲು ಬೇರು ಬಿಟ್ಟ ಮೇಲೆ ಇನ್ನೂ ಬಿಗಿಯಾಗುತ್ತೆ. ಬೇಲಿ ತಿರುಗೋ ಮೂಲೆಯಲ್ಲಿ ಹಾಸು ಎರಡು ಕಡೆಗೂ ಸರಿದು ನಡುವೆ ತ್ರಿಕೋನದ ಸಂದಿ ಉಳಿಯುತ್ತೆ. ಅಲ್ಲಿಗೆ ಬೇರೆ ತುಂಡು ಕತ್ತರಿಸಿ, ಒಂದರ ಮೇಲೊಂದು ಬರೋ ಹಾಗೆ ಕಟ್ಟಿ. ಎರೆ ಭೂಮಿಯಾದ್ರೆ ಬೇಸಿಗೆಯಲ್ಲಿ ಬಿರುಕು ಬಿಟ್ಟು ಹಾಸು ಮೇಲೇಳುತ್ತೆ. ಕೆಂಪು ಮಣ್ಣಾದ್ರೆ ಮೊದಲ ಜೋರು ಮಳೆಗೆ ಕೊಚ್ಚಿಹೋಗುತ್ತೆ. ಎರಡಕ್ಕೂ ಮತ್ತೆ ಮಣ್ಣು ತುಂಬೋದೇ ದಾರಿ.

ಗೇಟಿನ ಕೆಳಗೆ ಹೊಸ್ತಿಲಿಗೆ ಚಪ್ಪಡಿ ಕಲ್ಲು ಹೂಳಿ. ಒಂದು ಇಂಚಿಗಿಂತ ಹೆಚ್ಚು ಸಂದಿ ಬೇಡ.

ಬೇಲಿ ಎಷ್ಟೇ ಗಟ್ಟಿ ಇದ್ದರೂ ರಾತ್ರಿ ಕೋಳಿ ಗೂಡಲ್ಲೇ ಇರಬೇಕು. ಗೂಡಿನ ನೆಲಕ್ಕೆ ಚಪ್ಪಡಿ ಅಥವಾ ಕಾಂಕ್ರೀಟ್. ಕಿಟಕಿಗೆ ಅರ್ಧ ಇಂಚು ಕಣ್ಣಿನ ಮೆಶ್, ಅದನ್ನ ಸ್ಟೇಪಲ್ ಪಿನ್ ಬದಲು ಸ್ಕ್ರೂ, ವಾಷರ್ ಹಾಕಿ ಕೂರಿಸಿ. ಕೋಳಿ ಕೂರೋ ಅಡ್ಡ ಕೋಲು ಮೆಶ್‌ನಿಂದ ಒಂದು ಅಡಿ ದೂರ ಇರಲಿ. ಹತ್ತಿರ ಇದ್ದರೆ ಕಾಡುಬೆಕ್ಕು ಹೊರಗಿಂದಲೇ ಪಂಜ ಹಾಕಿ ಕಾಲು ಎಳೆಯುತ್ತೆ. ಕೋಲಿನ ಮೇಲೆ ಕೋಳಿಯೊಂದಕ್ಕೆ ಎಂಟು ಹತ್ತು ಇಂಚು ಜಾಗ ಲೆಕ್ಕ. ನಾಟಿ ಕೋಳಿ ಹೇಗೋ ಮರ ಹತ್ತಿಯಾದರೂ ತಪ್ಪಿಸಿಕೊಳ್ಳುತ್ತೆ, ಗಿರಿರಾಜದಂಥ ಭಾರದ ತಳಿಗೆ ಹಾರೋಕಾಗಲ್ಲ. ಅಂಥ ಕೋಳಿ ಸಾಕಿದ್ರೆ ಕತ್ತಲಾಗೋ ಮುಂಚೆ ಬಾಗಿಲು ಹಾಕೋದನ್ನ ಒಂದು ದಿನವೂ ತಪ್ಪಿಸಬೇಡಿ.

ಗಂಟೆ ನೋಡಿ ಬಾಗಿಲು ಹಾಕೋ ಅಭ್ಯಾಸ ಬೇಡ. ಡಿಸೆಂಬರ್ ಶುರುವಿನಲ್ಲಿ ಸೂರ್ಯ ಆರು ಗಂಟೆಗೆ ಮುಂಚೆಯೇ ಮುಳುಗ್ತಾನೆ, ಜುಲೈನಲ್ಲಿ ಆರೂಮುಕ್ಕಾಲು ದಾಟುತ್ತೆ. ತಾನೇ ಮುಚ್ಚಿಕೊಳ್ಳೋ ಬಾಗಿಲು ಹಾಕಿಸೋರು ಟೈಮರ್‌ಗಿಂತ ಬೆಳಕಿನ ಸೆನ್ಸರ್ ಇರೋದನ್ನೇ ತಗೊಳ್ಳಿ. ಹಾಗಂತ ಕೋಳಿ ಎಣಿಸೋದು ಬಿಡಬೇಡಿ. ಎಣಿಕೆಯಲ್ಲಿ ಒಂದು ಕಮ್ಮಿ ಬಂದ್ರೆ ಬೇಲಿ ಸಾಲು, ಹುಲ್ಲಿನ ಬಣವೆ ಹುಡುಕಿ. ಕದ್ದು ಮೊಟ್ಟೆ ಇಟ್ಟು ಕಾವಿಗೆ ಕೂತ ಹ್ಯಾಟೆ ಇಪ್ಪತ್ತೊಂದು ದಿನ ನೆಲದ ಮೇಲೆ ಅಲ್ಲಾಡದೆ ಕೂತಿರುತ್ತೆ, ನರಿಗೆ ಅಷ್ಟು ಸುಲಭದ ಊಟ ಬೇರೆ ಇಲ್ಲ. ಕತ್ತಲಾದ ಮೇಲೆ ಮೊಟ್ಟೆ ಸಮೇತ ಎತ್ತಿ ಗೂಡೊಳಗಿನ ಕುಕ್ಕೆಗೆ ಹಾಕಿ. ರಾತ್ರಿ ಎತ್ತಿದ್ರೆ ಕಾವು ಬಿಡೋ ಸಾಧ್ಯತೆ ಕಮ್ಮಿ.

ಬೇಲಿಗೆ ಝಟಕಾ ಮೆಷಿನ್, ಅಂದ್ರೆ ಬಿಟ್ಟು ಬಿಟ್ಟು ಕ್ಷಣಮಾತ್ರ ಶಾಕ್ ಕೊಡೋ ಯಂತ್ರ, ಸೇರಿಸೋದಾದ್ರೆ ಹೊರಗಡೆಗೆ ಎರಡು ತಂತಿ ಸಾಕು. ನೆಲದಿಂದ ಅರ್ಧ ಅಡಿಗೆ ಒಂದು, ಒಂದು ಅಡಿಗೆ ಇನ್ನೊಂದು. ಮೂಗು ತಾಗೋದು ಅಲ್ಲೇ. ಮಳೆಗಾಲದಲ್ಲಿ ಹುಲ್ಲು ತಂತಿಗೆ ತಾಗಿ ಕರೆಂಟು ನೆಲಕ್ಕಿಳಿಯುತ್ತೆ. ಬೇಸಿಗೆಯಲ್ಲಿ ಮಣ್ಣು ಒಣಗಿ ಅರ್ತಿಂಗ್ ಕೈ ಕೊಡುತ್ತೆ, ಅರ್ತಿಂಗ್ ರಾಡಿನ ಬುಡಕ್ಕೆ ನೀರು ಹಾಕ್ತಾ ಇರಿ. ಮನೆ ಲೈನಿನಿಂದ ನೇರವಾಗಿ ಬೇಲಿಗೆ ಕರೆಂಟು ಕೊಡೋದು ಕೊಲೆಗೆ ಸಮ. ದಯವಿಟ್ಟು ಯಾರೂ ಮಾಡಬೇಡಿ.

ವಿಷ, ಉರುಳು ಕೂಡ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ನರಿ, ಗುಳ್ಳೆನರಿ ಎರಡಕ್ಕೂ ರಕ್ಷಣೆ ಇದೆ. ಕಾನೂನು ಒಂದು ಕಡೆ ಇರಲಿ, ಶೇಂಗಾ ಹೊಲದ ಇಲಿ ತಿನ್ನೋರು ಇವರೇ. ಇಟ್ಟ ವಿಷಕ್ಕೆ ಸಾಯೋದು ಪಕ್ಕದ ಮನೆ ನಾಯಿ. ಒಂದು ನರಿ ಹೋದ್ರೆ ಆ ಜಾಗಕ್ಕೆ ಇನ್ನೊಂದು ಬರುತ್ತೆ, ಬೇಲಿಯ ಸಂದಿ ಮಾತ್ರ ಹಾಗೇ ಇರುತ್ತೆ.

ರೋಗ ಬಂದು ಸತ್ತ ಕೋಳಿ, ಕೊಯ್ದ ಕೋಳಿಯ ಕರುಳು, ಪುಕ್ಕ ಇವನ್ನ ತಿಪ್ಪೆಗೆ ಎಸೆದ್ರೆ ನರಿಗೆ ನಾವೇ ದಾರಿ ತೋರಿಸಿದ ಹಾಗೆ. ಮೂರು ಅಡಿ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿ. ಹೊಸ ಬೇಲಿ ಆದ ಮೇಲೆ ಕೆಲವು ವಾರ ದಿನಾ ಬೆಳಿಗ್ಗೆ ಹೊರಗಿಂದ ಒಂದು ಸುತ್ತು ಬನ್ನಿ. ಕೆರೆದ ಗುರುತು ಎಲ್ಲಿ ಕಂಡ್ರೂ ಅವತ್ತೇ ಕಲ್ಲು ಇಡಿ, ನರಿ ಮರುದಿನವೂ ಅದೇ ಜಾಗಕ್ಕೆ ಬರಬಹುದು.