ಪುಸ್ತಕ ಅವರೇ ಆರಿಸಲಿ

ಕೇಳುಗರೆಲ್ಲರಿಗೂ ನಮಸ್ಕಾರ. ಈ ಹೊತ್ತಿನಲ್ಲಿ ಯಾರು ಯಾರು ರೇಡಿಯೋ ಹಾಕಿಕೊಂಡಿದ್ದೀರಿ ಅಂತ ನನಗೊಂದು ಅಂದಾಜಿದೆ. ಮುದ್ದೆಗೆ ಎಸರಿಟ್ಟ ತಾಯಂದಿರು ಇದ್ದೀರಿ. ಡೈರಿಗೆ ಹಾಲು ಹಾಕಿ ಬಂದು ಜಗಲಿ ಮೇಲೆ ಕೂತವರು ಇದ್ದೀರಿ. ಒಳಗಡೆ ಎಂಟನೇ ಕ್ಲಾಸಿನದೋ ಪಿಯುಸಿಯದೋ ಒಂದು ಮಗು ಮೊಬೈಲ್ ಹಿಡಿದುಕೊಂಡಿದೆ, ಅಲ್ವಾ? ‘ನಮ್ಮ ಹುಡುಗ ಪುಸ್ತಕ ಅಂದ್ರೆ ಮಾರುದೂರ ಓಡ್ತಾನೆ’ ಅನ್ನುವುದು ನಿಮ್ಮ ದೂರು. ಗ್ರಂಥಾಲಯದ ಕೆಲಸದಲ್ಲೇ ತಲೆ ಬೆಳ್ಳಗಾದವನು ನಾನು. ನನ್ನ ಉತ್ತರ ಒಂದೇ. ಪುಸ್ತಕ ಅವರೇ ಆರಿಸಲಿ. ಇವತ್ತು ಇದನ್ನೇ ತಿರುಗಿಸಿ ಮುರುಗಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಆರಿಸಲು ಜಾಗ ಬೇಕು. ಅದು ನಿಮ್ಮೂರಲ್ಲೇ ಇದೆ. ಹಳ್ಳಿಯ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಈಗ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಅಂತ ಬರೆದಿರುತ್ತದೆ. 2020ರ ನವೆಂಬರ್ 14ರಂದು ‘ಓದುವ ಬೆಳಕು’ ಅನ್ನುವ ಕಾರ್ಯಕ್ರಮ ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಒಂದು ಪೈಸೆ ಕೊಡಬೇಕಾಗಿಲ್ಲ. ಹಾಗಂತ ಅದು ಧರ್ಮಕ್ಕೆ ಸಿಕ್ಕಿದ್ದು ಅಂದುಕೊಳ್ಳಬೇಡಿ. ಮನೆ ಕಂದಾಯದ ರಸೀದಿ ತೆಗೆದು ನೋಡಿ, ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ. ತೆರಿಗೆಯ ನೂರು ರೂಪಾಯಿಗೆ 6 ರೂಪಾಯಿ. ದುಡ್ಡು ನಿಮ್ಮದೇ.

ರಂಗನಾಥನ್ ಅಂತ ಒಬ್ಬ ದೊಡ್ಡವರಿದ್ದರು. ನಮ್ಮ ಕಸುಬಿನವರಿಗೆಲ್ಲ ಅವರೇ ಗುರು. 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಬರೆದರು. ಮೊದಲನೆಯದು, ಪುಸ್ತಕ ಇರುವುದು ಬಳಸುವುದಕ್ಕೆ. ಎರಡನೆಯದು, ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ. ಅವನ ಪುಸ್ತಕ, ಕೇಳಿಸಿತಾ? ಅವರಪ್ಪನ ಪುಸ್ತಕ ಅಲ್ಲ, ಹೆಡ್‌ಮಾಸ್ಟರ ಪುಸ್ತಕವೂ ಅಲ್ಲ.

ಮದ್ದೂರು ಕಡೆಯ ಒಂದು ಊರಿನ ವಿಷಯ ಹೇಳಬೇಕು. ನನಗೆ ಬಹಳ ಇಷ್ಟವಾದ ಕತೆ. ಪಂಚಾಯಿತಿ ಆಫೀಸಿನ ಪಕ್ಕದ ಕೋಣೆ. ಸಂಜೆ ಹೋದರೆ ಹಿರಿಯರು ಪೇಪರ್ ಹಂಚಿಕೊಂಡು ಕೂತಿರುತ್ತಿದ್ದರು. ಹೈಸ್ಕೂಲು ಹುಡುಗರು ಕೇರಂ ಬೋರ್ಡಿಗೆ ಮುತ್ತಿಕೊಂಡಿರುತ್ತಿದ್ದರು. ಪುಸ್ತಕಗಳು ಗಾಜಿನ ಬೀರುವಿನಲ್ಲಿ, ಬೀರುವಿಗೆ ಬೀಗ, ಕೀಲಿ ಮೇಲ್ವಿಚಾರಕರ ಜೇಬಿನಲ್ಲಿ. ಯಾಕಪ್ಪಾ ಬೀಗ ಅಂದೆ. ‘ಕಳೆದೋದ್ರೆ ನಾನೇ ಕಟ್ಕೊಡ್ಬೇಕಲ್ಲ ಸಾರ್’ ಅಂದರು. ಅವರದೇನೂ ತಪ್ಪಿಲ್ಲ. ಸಂಬಳವೇ ಅಷ್ಟಕ್ಕಷ್ಟೆ, ಅದರಲ್ಲಿ ದಂಡ ಬೇರೆ ಯಾರು ಕಟ್ಟುತ್ತಾರೆ? ಅಧ್ಯಕ್ಷರ ಹತ್ತಿರ ಕೂತು ಮಾತಾಡಿದೆವು. ಓದಿ ಹರಿದುಹೋದ, ಕಳೆದುಹೋದ ಪುಸ್ತಕಕ್ಕೆ ಮೇಲ್ವಿಚಾರಕರು ಹೊಣೆ ಅಲ್ಲ ಅಂತ ನಡಾವಳಿಯಲ್ಲಿ ಬರೆಸಿದರು. ಬೀಗ ಅವತ್ತೇ ಹೋಯಿತು.

ಆಮೇಲೆ ಒಂದು ಬಿಸ್ಕತ್ತಿನ ಡಬ್ಬಿ ಇಟ್ಟೆವು. ಯಾವ ಪುಸ್ತಕ ಬೇಕೋ ಚೀಟಿ ಬರೆದು ಹಾಕಿ, ಹೆಸರು ಬೇಡ ಅಂದೆವು. ಚೀಟಿ ಬಿಚ್ಚಿದರೆ ಏನೇನಿತ್ತು ಅಂತೀರಿ! ಟ್ರ್ಯಾಕ್ಟರ್ ರಿಪೇರಿ. ಹಳ್ಳಿಕಾರ್ ಹೋರಿ ಸಾಕುವುದು. ಪೊಲೀಸ್ ಪರೀಕ್ಷೆ. ಮೆಹಂದಿ ಡಿಸೈನು. ಎಲ್ಲಕ್ಕಿಂತ ಜಾಸ್ತಿ ಬಂದದ್ದು ದೆವ್ವ. ‘ದೆವ್ವದ ಪುಸ್ತಕ ಬೇಕು’, ‘ಜಾಸ್ತಿ ಹೆದರಿಸೋ ದೆವ್ವ ಬೇಕು’, ಹೀಗೆ.

ಒಬ್ಬ ಮೆಂಬರಿಗೆ ಸಿಟ್ಟು ಬಂತು. ‘ಪಂಚಾಯ್ತಿ ದುಡ್ಡಲ್ಲಿ ದೆವ್ವ ತರ್ಸೋದಾ? ನೀತಿ ಪುಸ್ತಕ ತರ್ಸಿ ಸಾರ್’ ಅಂದರು. ನೀತಿ ಪುಸ್ತಕ ಆಗಲೇ ಇದೆ, ತೆಗೆದು ನೋಡಿ ಯಜಮಾನ್ರೇ ಅಂದೆ. ತೆಗೆದರು. ಬಂದು ಎಷ್ಟು ವರ್ಷವಾಗಿತ್ತೋ, ಹಾಳೆಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಮೆಂಬರು ಮಾತಾಡಲಿಲ್ಲ. ದೆವ್ವ ಬಂತು.

ಬಂದ ಮೇಲೆ ಆ ಪುಸ್ತಕಗಳು ಬೀರುವಿನಲ್ಲಿ ನಿಲ್ಲಲೇ ಇಲ್ಲ. ರಟ್ಟು ಕಿತ್ತುಹೋಯಿತು, ಹುಡುಗರೇ ಗೋಂದು ಹಾಕಿ ಅಂಟಿಸಿದರು. ಗಾರ್ಮೆಂಟ್ಸಿಗೆ ಹೋಗುವ ತಾಯಿಯ ಮಗಳು ಒಬ್ಬಳು, ಒಂಬತ್ತನೇ ಕ್ಲಾಸು. ರಾತ್ರಿ ಅಜ್ಜಿಗೆ ಜೋರಾಗಿ ಓದಿ ಹೇಳುತ್ತಿದ್ದಳು. ಅಜ್ಜಿಗೆ ಅದು ಹಿಡಿಸಲಿಲ್ಲ. ‘ಇದ್ಯಾವ ದೆವ್ವನೇ, ನಾಲೆ ಏರಿ ಮೇಲೆ ನಿಮ್ಮ ತಾತಂಗೆ ಸಿಕ್ಕಿದ್ದು ದೆವ್ವ’ ಅಂತ ಶುರು ಮಾಡಿದರಂತೆ. ಹುಡುಗಿ ಅದನ್ನು ಬರೆದುಕೊಂಡು ಬಂದು ಶನಿವಾರ ಗ್ರಂಥಾಲಯದಲ್ಲಿ ಓದಿದಳು. ಕೇರಂ ಬೋರ್ಡು ಅವತ್ತು ಖಾಲಿ. ಇನ್ನೊಬ್ಬ ಹುಡುಗ ದೆವ್ವದಿಂದ ಪತ್ತೇದಾರಿಗೆ ಹೋದ, ಅಲ್ಲೇ ಉಳಿದ. ಬೇರೆ ಏನೂ ಮುಟ್ಟುವುದಿಲ್ಲ. ‘ಇವನು ಮುಂದಕ್ಕೆ ಬರೋದೇ ಇಲ್ವಾ ಸಾರ್’ ಅಂತ ಅವರ ಮೇಷ್ಟ್ರು ಕೇಳಿದರು. ಬರದಿದ್ದರೆ ಬೇಡ ಮೇಷ್ಟ್ರೇ. ವಾರಕ್ಕೆರಡು ಪುಸ್ತಕ ಮುಗಿಸುತ್ತಾನಲ್ಲ, ನೀವು ಎಷ್ಟು ಮುಗಿಸುತ್ತೀರಿ?

ಗಾಜಿನ ಆಚೆಯಿಂದ ಕೈಸನ್ನೆ ಬರುತ್ತಿದೆ, ಹೊತ್ತಾಯಿತು ಅಂತ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಹೆಣ್ಣುಮಕ್ಕಳು ಗ್ರಂಥಾಲಯಕ್ಕೆ ಬರುವುದಿಲ್ಲ ಅನ್ನುತ್ತೀರಿ. ಬಾಗಿಲಲ್ಲೇ ಹತ್ತು ಜನ ಗಂಡಸರು ಕಾಲು ಚಾಚಿ ಕೂತರೆ ಹೇಗೆ ಬರುತ್ತಾರೆ? ವಾರದಲ್ಲಿ ಒಂದು ಮಧ್ಯಾಹ್ನ ಅವರಿಗೇ ಅಂತ ಬಿಡಿ. ಇನ್ನು ಓದಿದ್ದಕ್ಕೆ ಪರೀಕ್ಷೆ ಇಡಬೇಡಿ, ಸಾರಾಂಶ ಬರೆಸಬೇಡಿ. ದಮ್ಮಯ್ಯ ಅಂತೀನಿ, ಬೇಡ. ಮೈಸೂರಿನವರು ಬಡಾವಣೆಯ ಶಾಖಾ ಗ್ರಂಥಾಲಯ ಎಲ್ಲಿದೆ ಅಂತ ಮೊದಲು ವಿಚಾರಿಸಿ. ಮಂಡ್ಯದವರು ಒಂದು ರಜೆ ದಿನ ಪಾಂಡವಪುರದ ಹತ್ತಿರ ಹರಳಹಳ್ಳಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಅಂಕೇಗೌಡರು ಸಕ್ಕರೆ ಕಾರ್ಖಾನೆಯಲ್ಲಿ ದುಡಿಯುತ್ತಲೇ ಲಕ್ಷಗಟ್ಟಲೆ ಪುಸ್ತಕ ಕೂಡಿಸಿದ ಪುಸ್ತಕದ ಮನೆ ಅಲ್ಲಿದೆ. ರಾಶಿಯಲ್ಲಿ ಮಕ್ಕಳು ಸುಮ್ನೆ ಓಡಾಡಲಿ, ಕಣ್ಣಿಗೆ ಬಿದ್ದದ್ದನ್ನು ತಿರುವಿ ನೋಡಲಿ.

ನಾಳೆ ಸಂಜೆ ಮಗನನ್ನೋ ಮಗಳನ್ನೋ ಅರಿವು ಕೇಂದ್ರಕ್ಕೆ ಕರೆದುಕೊಂಡು ಹೋಗಿ ಹೆಸರು ಬರೆಸಿ. ಬೀರುವಿಗೆ ಬೀಗ ಇದ್ದರೆ ತೆಗೆಯಲು ಹೇಳಿ. ತೆಗೆಯದಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ, ಕರ ಕಟ್ಟಿದವರು ನೀವು. ಅವರು ಪುಸ್ತಕ ಹುಡುಕುವಾಗ ನೀವು ಹೊರಗಿನ ಬೆಂಚಿನ ಮೇಲೆ ಪೇಪರ್ ಓದುತ್ತಾ ಕೂತಿರಿ. ಏನು ಹಿಡಿದುಕೊಂಡು ಬಂದರೂ ‘ಇದೇನೋ ಇದು’ ಅನ್ನಬೇಡಿ. ಇಷ್ಟು ಹೊತ್ತು ಕೇಳಿದ್ದಕ್ಕೆ ವಂದನೆಗಳು.