ಚೀಟಿ ಎತ್ತಿ ಆರಿಸಿದ ಅಧಿಕಾರ

ಕೇಳುಗರಿಗೆ ನಮಸ್ಕಾರ.

ಚುನಾವಣೆ ಎಂದರೆ ಪ್ರಜಾಪ್ರಭುತ್ವ ಎಂದೇ ನಾವು ಕಲಿತವರು. ಪ್ರಾಚೀನ ಗ್ರೀಕರ ಎಣಿಕೆ ಬೇರೆಯಿತ್ತು. ಅಧಿಕಾರಿಗಳನ್ನು ಚೀಟಿ ಎತ್ತಿ ನೇಮಿಸುವುದು ಪ್ರಜಾಪ್ರಭುತ್ವದ ಗುಣ, ಚುನಾಯಿಸುವುದು ಕೆಲವೇ ಜನರ ಆಳ್ವಿಕೆಯ ಗುಣ ಎಂದು ಜನ ಭಾವಿಸುತ್ತಾರೆ ಎನ್ನುತ್ತಾನೆ ಅರಿಸ್ಟಾಟಲ್, ತನ್ನ ‘ಪಾಲಿಟಿಕ್ಸ್’ ಗ್ರಂಥದಲ್ಲಿ. ನನಗೆ ತೋರುವ ಕಾರಣ ಸರಳ: ಚುನಾವಣೆಯಲ್ಲಿ ಹಣ, ಮನೆತನ, ಮಾತುಗಾರಿಕೆ ಇದ್ದವರೇ ಮುಂದೆ ಬರುತ್ತಾರೆ.

ಅಥೆನ್ಸ್‌ನಲ್ಲಿ ಇದು ಬರೀ ವಿಚಾರವಾಗಿರಲಿಲ್ಲ. ಹತ್ತು ಕುಲಗಳಿಂದ ತಲಾ 50 ಮಂದಿಯಂತೆ 500 ಜನರ ಮಂಡಲಿಯನ್ನು ಚೀಟಿಯಿಂದಲೇ ಆರಿಸುತ್ತಿದ್ದರು. ಅವಧಿ ಒಂದು ವರ್ಷ. ಜೀವಮಾನದಲ್ಲಿ ಎರಡು ಸಲಕ್ಕಿಂತ ಹೆಚ್ಚು ಕೂರುವಂತಿಲ್ಲ. ನ್ಯಾಯದರ್ಶಿಗಳನ್ನು ಆರಿಸಲು ಸಾಲುಸಾಲು ಸೀಳುಗಳಿದ್ದ ಕಲ್ಲಿನ ಹಲಗೆಯೊಂದಿತ್ತು. ಒಬ್ಬೊಬ್ಬ ನಾಗರಿಕನ ಹೆಸರು ಬರೆದ ಚಿಕ್ಕ ಬಿಲ್ಲೆಗಳನ್ನು ಸೀಳುಗಳಲ್ಲಿ ಸಿಕ್ಕಿಸುತ್ತಿದ್ದರು. ಪಕ್ಕದ ಕೊಳವೆಯಿಂದ ಬಿಳಿ ಗುಂಡು ಬಿದ್ದರೆ ಆ ಸಾಲಿನವರೆಲ್ಲ ಒಳಗೆ, ಕಪ್ಪು ಬಿದ್ದರೆ ಹೊರಗೆ. ಅದರ ತುಂಡೊಂದು ಇಂದಿಗೂ ಅಥೆನ್ಸ್‌ನ ಅಗೋರಾ ವಸ್ತುಸಂಗ್ರಹಾಲಯದಲ್ಲಿದೆ. ಸೇನಾಪತಿಗಳು, ನೀರಿನ ಬುಗ್ಗೆಗಳ ಮೇಲ್ವಿಚಾರಕ ಮುಂತಾದ ಕೆಲವರನ್ನು ಮಾತ್ರ ಕೈಯೆತ್ತಿ ಚುನಾಯಿಸುತ್ತಿದ್ದರು. ಯುದ್ಧ ಮತ್ತು ನೀರು: ಎರಡನ್ನೂ ಅದೃಷ್ಟಕ್ಕೆ ಬಿಡಲು ಅವರು ಸಿದ್ಧರಿರಲಿಲ್ಲ!

ಹಡಗು ನಡೆಸುವವನನ್ನು ಯಾರೂ ಚೀಟಿ ಎತ್ತಿ ಆರಿಸುವುದಿಲ್ಲವಲ್ಲ ಎಂದು ಸಾಕ್ರೆಟಿಸ್ ಕೇಳುತ್ತಿದ್ದನಂತೆ. ಅವನ ಮೇಲೆ ಬಂದ ಆರೋಪಗಳಲ್ಲಿ ಇದೂ ಒಂದೆಂದು ಅವನ ಶಿಷ್ಯ ಕ್ಸೆನೊಫೋನ್ ಬರೆದಿದ್ದಾನೆ. ಆ ಪ್ರಶ್ನೆ ಗಟ್ಟಿಯಾದದ್ದೇ. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ: ಹೆಂಗಸರು, ಗುಲಾಮರು, ಪರಊರಿನಿಂದ ಬಂದು ನೆಲೆಸಿದವರು, ಯಾರ ಹೆಸರೂ ಆ ಹಲಗೆಯ ಮೇಲಿರಲಿಲ್ಲ. ಇದನ್ನು ಮರೆತು ಅಥೆನ್ಸ್ ಅನ್ನು ಹೊಗಳುವುದು ತಪ್ಪು.

ಆದರೂ ಆ ವಿಚಾರ ಸತ್ತಿಲ್ಲ. 2016ರಲ್ಲಿ ಐರ್ಲೆಂಡ್ ಇಂಥದೇ ಆಯ್ಕೆಯಿಂದ 99 ಸಾಮಾನ್ಯ ನಾಗರಿಕರನ್ನು ಕೂರಿಸಿ ಗರ್ಭಪಾತದ ಕಾನೂನಿನ ಬಗ್ಗೆ ಚರ್ಚಿಸಲು ಹೇಳಿತು. ರಾಜಕಾರಣಿಗಳು ದಶಕಗಳಿಂದ ಮುಟ್ಟಲು ಅಂಜುತ್ತಿದ್ದ ವಿಷಯ ಅದು. ನಿಷೇಧ ಸಡಿಲವಾಗಲಿ ಎಂದು ಆ ಸಭೆ ಶಿಫಾರಸು ಮಾಡಿತು. 2018ರ ಜನಮತಗಣನೆಯಲ್ಲಿ ಶೇಕಡಾ 66ಕ್ಕೂ ಹೆಚ್ಚು ಮತದಾರರು ಬದಲಾವಣೆಯ ಪರ ನಿಂತರು.

ನನ್ನ ಮನಸ್ಸನ್ನು ಹೆಚ್ಚು ಹಿಡಿಯುವುದು ಅಥೆನ್ಸ್‌ನ ಇನ್ನೊಂದು ಕಟ್ಟುಪಾಡು. ವರ್ಷ ಮುಗಿದ ಮೇಲೆ ಪ್ರತಿಯೊಬ್ಬ ಅಧಿಕಾರಿಯೂ ಲೆಕ್ಕ ಒಪ್ಪಿಸಬೇಕಿತ್ತು. ಯಾವ ನಾಗರಿಕ ಬೇಕಾದರೂ ದೂರು ಕೊಡಬಹುದಿತ್ತು. ಚೀಟಿಯಲ್ಲಿ ಯಾರು ಬಂದರೂ ಭಯವಿಲ್ಲ ಎಂಬ ಧೈರ್ಯ ಅವರಿಗೆ ಬಂದದ್ದು ಇಲ್ಲಿಂದಲೇ ಎಂದು ನಾನು ನಂಬುತ್ತೇನೆ. ಲೆಕ್ಕ ತೀರುವತನಕ ಆ ಅಧಿಕಾರಿ ದೇಶ ಬಿಡುವಂತಿಲ್ಲ, ಆಸ್ತಿಯನ್ನು ದೇವರಿಗೆ ಅರ್ಪಿಸುವಂತಿಲ್ಲ, ಉಯಿಲು ಕೂಡ ಬರೆಯುವಂತಿಲ್ಲ.