ಎಲೆ ಹಳದಿಯಾದರೆ ಮೊದಲು ಬುಡ ನೋಡಿ

ಈ ಮರದ ನೆತ್ತಿ ನೋಡಿ. ಎಲೆ ಸಣ್ಣದಾಗಿದೆ, ವಿರಳವಾಗಿದೆ. ಎರಡು ಮೂರು ಕೊಂಬೆಗಳು ತುದಿಯಿಂದ ಒಣಗುತ್ತಾ ಬಂದಿವೆ. ಮನೆಯವರು ಸುಮ್ನೆ ಕೂತಿಲ್ಲ. ಗೊಬ್ಬರ ಹಾಕಿದ್ದಾರೆ, ಕೀಟನಾಶಕ ಹೊಡೆಸಿದ್ದಾರೆ, ದಿನಾ ನೀರು ಬಿಟ್ಟಿದ್ದಾರೆ. ಈಗ ಅವರು ಕೇಳುತ್ತಿರುವುದು ಒಂದೇ: "ಇದು ಯಾವ ರೋಗ, ಯಾವ ಔಷಧಿ ಹೊಡೆಯಬೇಕು?"

ಔಷಧಿಯ ಮಾತು ಆಮೇಲೆ. ಕ್ಯಾಮೆರಾವನ್ನು ಬುಡಕ್ಕೆ ತರುತ್ತೇನೆ.

ಕಾಂಡ ನೆಲ ಸೇರುವ ಜಾಗ ಗಮನಿಸಿ. ಹೂತಿಟ್ಟ ಕಂಬದ ಹಾಗೆ ನೇರವಾಗಿ ಮಣ್ಣೊಳಗೆ ಇಳಿದಿದೆ. ಸಾಮಾನ್ಯವಾಗಿ ಮರದ ಬುಡ ಹೀಗಿರುವುದಿಲ್ಲ. ನೆಲದ ಹತ್ತಿರ ಬರುತ್ತಾ ಅಗಲವಾಗುತ್ತದೆ, ಅಲ್ಲಿಂದ ದಪ್ಪ ಬೇರುಗಳು ಹೊರಡುವುದು ಕಣ್ಣಿಗೆ ಕಾಣುತ್ತದೆ. ಆ ಅಗಲ ಕಾಣಲಿಲ್ಲ ಅಂದರೆ ಸಸಿಯನ್ನು ಜಾಸ್ತಿ ಆಳಕ್ಕೆ ನೆಟ್ಟಿರಬೇಕು, ಇಲ್ಲವೇ ಆಮೇಲೆ ಯಾರೋ ಬುಡಕ್ಕೆ ಮಣ್ಣು ಏರಿಸಿರಬೇಕು. ಕೈಯಿಂದ ಮಣ್ಣು ಬಿಡಿಸಿದಾಗ ಇಲ್ಲಿ ಸಿಕ್ಕಿದ್ದು ಇದು. ಕಾಂಡವನ್ನು ಸುತ್ತಿಕೊಂಡು ಬೆಳೆದ ಒಂದು ದಪ್ಪ ಬೇರು.

ಬುಡದಲ್ಲಿರುವ ಈ ಬೇರಿಗೂ ನೆತ್ತಿ ಒಣಗುವುದಕ್ಕೂ ಏನು ಸಂಬಂಧ? ಶಾಲೆಯಲ್ಲಿ ಕ್ಸೈಲಂ, ಫ್ಲೋಯಂ ಅಂತ ಓದಿದ್ದು ನೆನಪಿದೆ ಅಲ್ವಾ? ನೀರು ಮೇಲೇರುವುದು ಮರದೊಳಗಿನ ಕ್ಸೈಲಂನಲ್ಲಿ. ಎಲೆ ತಯಾರಿಸಿದ ಸಕ್ಕರೆ ಕೆಳಗಿಳಿಯುವುದು ತೊಗಟೆಯ ಒಳಪದರದ ಫ್ಲೋಯಂನಲ್ಲಿ. ಈ ಪದರ ತೆಳು. ಕಾಂಡವೂ ಬೇರೂ ವರ್ಷ ವರ್ಷ ದಪ್ಪವಾಗುತ್ತವೆ, ಒಂದನ್ನೊಂದು ಒತ್ತುತ್ತವೆ, ನಡುವೆ ಫ್ಲೋಯಂ ನಲುಗುತ್ತದೆ. ಸಕ್ಕರೆ ಬರದಿದ್ದರೆ ಬೇರು ಉಪವಾಸ ಬೀಳುತ್ತದೆ. ಸಣ್ಣ ಬೇರುಗಳು ಸಾಯುತ್ತವೆ. ಬೇರು ಕಡಿಮೆಯಾದರೆ ನೀರು ಕಡಿಮೆ. ನೀರಿನ ಕೊರತೆ ಮೊದಲು ತಟ್ಟುವುದು ಹೆಚ್ಚಾಗಿ ಅತಿ ದೂರದ ತುದಿಗೆ. ಅದಕ್ಕೇ ನೆತ್ತಿ ಒಣಗಿದೆ. ಎಷ್ಟು ಕೀಟನಾಶಕ ಹೊಡೆದರೂ ಈ ಬೇರು ಸಡಿಲವಾಗುವುದಿಲ್ಲ.

ದಿನಾ ನೀರು ಬಿಟ್ಟಿದ್ದೂ ಸಹಾಯ ಮಾಡಿಲ್ಲ. ಬೇರಿಗೂ ಉಸಿರಾಡಲು ಆಮ್ಲಜನಕ ಬೇಕು. ಮಣ್ಣಿನ ಸಂದುಗಳಲ್ಲಿ ಸದಾ ನೀರೇ ತುಂಬಿದ್ದರೆ ಗಾಳಿಗೆ ಜಾಗ ಎಲ್ಲಿ? ಬೇರು ಕೊಳೆಯುತ್ತದೆ, ಮರ ಬಾಡುತ್ತದೆ. ಬಾಡಿದ್ದು ನೋಡಿ ನಾವು ಇನ್ನಷ್ಟು ನೀರು ಬಿಡುತ್ತೇವೆ. ಹಾಗಾಗಿ ನೀರು ಬಿಡುವ ಮೊದಲು ಒಂದು ಗೇಣು ಅಗೆದು ಮಣ್ಣು ಮುಟ್ಟಿ ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಗೊಬ್ಬರದ ಬಗ್ಗೆಯೂ ಹೇಳಬೇಕು. ಗೊಬ್ಬರ ಮರದ ಊಟ ಅಲ್ಲ. ಊಟವನ್ನು ಎಲೆ ತಾನೇ ಬಿಸಿಲಲ್ಲಿ ತಯಾರಿಸಿಕೊಳ್ಳುತ್ತದೆ. ಗೊಬ್ಬರ ಕೊಡುವುದು ಖನಿಜ ಮಾತ್ರ. ಬೇರು ಹಾಳಾದ ಮರಕ್ಕೆ ರಾಸಾಯನಿಕ ಗೊಬ್ಬರ ಸುರಿದರೆ ಅದರ ಲವಣ ಮಣ್ಣಿನಲ್ಲಿ ಸೇರಿ ಬೇರು ನೀರು ಎಳೆಯುವುದು ಇನ್ನೂ ಕಷ್ಟವಾಗುತ್ತದೆ.

ಈಗ ಬೇರೆ ಒಂದು ತೋಟಕ್ಕೆ ಬಂದಿದ್ದೇವೆ. ಇಲ್ಲಿ ಎಲೆ ಹಳದಿ. ಯಾವ ಎಲೆ ಅನ್ನುವುದೇ ನನಗೆ ಮುಖ್ಯ. ಸಾರಜನಕವನ್ನು ಮರ ಹಳೆಯ ಎಲೆಯಿಂದ ಕಿತ್ತು ಹೊಸ ಎಲೆಗೆ ಸಾಗಿಸಬಲ್ಲದು. ಹಾಗಾಗಿ ಸಾರಜನಕ ಕಡಿಮೆಯಾದರೆ ಹಳೆಯ ಎಲೆ ಮೊದಲು ಹಳದಿಯಾಗುತ್ತದೆ. ಕಬ್ಬಿಣವನ್ನು ಹಾಗೆ ಸುಲಭವಾಗಿ ಸಾಗಿಸಲು ಆಗುವುದಿಲ್ಲ. ಅದು ಸಾಲದಿದ್ದರೆ ಚಿಗುರೇ ಹಳದಿ, ಎಲೆಯ ನರ ಮಾತ್ರ ಹಸಿರು. ಇಲ್ಲಿ ನೋಡಿ, ಚಿಗುರಿನಲ್ಲಿ ಹಸಿರು ಗೆರೆಗಳ ಜಾಲ ಸ್ಪಷ್ಟವಾಗಿ ಕಾಣುತ್ತಿದೆ. ಹಾಗಂತ ಮಣ್ಣಿನಲ್ಲಿ ಕಬ್ಬಿಣ ಇಲ್ಲ ಅಂತ ಅಲ್ಲ. ಮಣ್ಣು ಕ್ಷಾರೀಯವಾಗಿದ್ದರೆ ಕಬ್ಬಿಣ ಕರಗುವುದಿಲ್ಲ, ಬೇರಿಗೆ ಸಿಗುವುದಿಲ್ಲ. ಈ ಮರ ನಿಂತಿರುವುದು ಗೋಡೆಯ ಪಕ್ಕ. ಕಟ್ಟುವಾಗ ಉಳಿದ ಸಿಮೆಂಟ್, ಸುಣ್ಣ ಮಣ್ಣಿಗೆ ಬಿದ್ದಿದ್ದರೆ ಹೀಗಾಗುತ್ತದೆ. ಮೊದಲು ಮಣ್ಣಿನ ಪಿಎಚ್, ಅಂದರೆ ಮಣ್ಣು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಅನ್ನುವ ಪರೀಕ್ಷೆ ಮಾಡಿಸಲು ಹೇಳಿದ್ದೇನೆ. ಅದಕ್ಕೂ ಮುಂಚೆ ಯಾವ ಪುಡಿಯನ್ನೂ ಹಾಕಬೇಡಿ.

ಅಕ್ಕಪಕ್ಕದ ಗಿಡಗಳನ್ನೂ ನೋಡಬೇಕು. ಕೀಟ, ಶಿಲೀಂಧ್ರಗಳಲ್ಲಿ ಬಹಳಷ್ಟು ಕೆಲವೇ ಜಾತಿಯ ಮರಗಳಿಗೆ ಅಂಟಿಕೊಳ್ಳುತ್ತವೆ. ಒಂದೇ ಕಡೆ ನಿಂತ ಬೇರೆ ಬೇರೆ ಜಾತಿಯ ಗಿಡಗಳೆಲ್ಲ ಒಟ್ಟಿಗೆ ಸೊರಗಿದರೆ ನನ್ನ ಅನುಮಾನ ಹುಳುವಿನ ಮೇಲೆ ಹೋಗುವುದಿಲ್ಲ. ಮಣ್ಣು, ನೀರು, ಗಾಳಿಯಲ್ಲಿ ತೇಲಿಬಂದ ಕಳೆನಾಶಕ, ಇವುಗಳ ಮೇಲೆ ಹೋಗುತ್ತದೆ.

ಮನೆಯವರಿಗೆ ನಾನು ಕೇಳುವ ಮುಖ್ಯ ಪ್ರಶ್ನೆ, "ಕಳೆದ ಐದಾರು ವರ್ಷದಲ್ಲಿ ಇಲ್ಲಿ ಏನೇನು ಕೆಲಸ ನಡೆಯಿತು?" ಪೈಪ್ ಹಾಕಲು ಅಗೆದರಾ, ಗಾಡಿ ನಿಲ್ಲಿಸಿದರಾ, ನೆಲಕ್ಕೆ ಕಾಂಕ್ರೀಟ್ ಹಾಕಿದರಾ? ಮರ ತನ್ನ ಕಾಂಡದಲ್ಲಿ, ಬೇರಿನಲ್ಲಿ ಪಿಷ್ಟ ಕೂಡಿಟ್ಟುಕೊಂಡಿರುತ್ತದೆ. ಬೇರು ಕಡಿದರೂ ಆ ಉಳಿತಾಯದಲ್ಲೇ ಕೆಲವು ವರ್ಷ ಹಸಿರಾಗಿ ನಿಲ್ಲಬಹುದು. ಅದು ಸೊರಗುವ ಹೊತ್ತಿಗೆ ನಾವು ಆ ಕೆಲಸವನ್ನೇ ಮರೆತಿರುತ್ತೇವೆ. ಇನ್ನೊಂದು ವಿಷಯ, ಬೇರು ಬಹಳ ಆಳದಲ್ಲಿದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನೀರು ಹೀರುವ ಬೇರುಗಳಲ್ಲಿ ಬಹುಪಾಲು ಮೇಲಿನ 30ರಿಂದ 45 ಸೆಂಟಿಮೀಟರ್ ಮಣ್ಣಿನಲ್ಲೇ ಇರುತ್ತವೆ, ನೆರಳು ಬೀಳುವ ಜಾಗಕ್ಕಿಂತ ಆಚೆಗೂ ಹರಡಿರುತ್ತವೆ. ಒಂದು ಸಣ್ಣ ಕಾಲುವೆ ತೋಡಿದರೂ ಮರಕ್ಕೆ ದೊಡ್ಡ ಪೆಟ್ಟು.

ಕೊಂಬೆ ಕಡಿದ ಈ ಗಾಯಕ್ಕೆ ಬಣ್ಣ ಬಳಿದಿದ್ದಾರೆ. ಅದು ಬೇಕಿರಲಿಲ್ಲ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಉದ್ದುದ್ದಕ್ಕೆ ಸೀಳಿ ನೋಡಿದವರು. 1970ರ ದಶಕದಲ್ಲಿ ಅವರು ತೋರಿಸಿಕೊಟ್ಟದ್ದು ಇದು: ಮರದ ಗಾಯ ನಮ್ಮ ಚರ್ಮದ ಹಾಗೆ ಮಾಯುವುದಿಲ್ಲ. ಕೆಟ್ಟ ಭಾಗವನ್ನು ಮರ ಒಳಗೇ ಗೋಡೆ ಕಟ್ಟಿ ಬೇರೆ ಮಾಡುತ್ತದೆ, ಮರದ ಹೊಸ ಪದರವನ್ನು ಅದರ ಹೊರಗೆ ಬೆಳೆಸುತ್ತದೆ. ಕೊಂಬೆಯ ಬುಡದಲ್ಲಿ ಉಬ್ಬಿದ ಈ ಭಾಗವೇ ಆ ರಕ್ಷಣೆಯ ಜಾಗ. ಉಬ್ಬನ್ನು ಉಳಿಸಿ, ಅದರ ಹೊರಗೆ ಕಡಿಯಿರಿ. ಕಾಂಡಕ್ಕೆ ಸಮವಾಗಿ ನುಣ್ಣಗೆ ಕಡಿದರೆ ನೋಡಲು ಚೆಂದ, ಮರಕ್ಕೆ ಹಾನಿ.

ಬುಡದಲ್ಲಿ ಅಣಬೆ ಎದ್ದಿದ್ದರೆ, ಒಂದು ಕಡೆ ಮಣ್ಣು ಬಿರುಕು ಬಿಟ್ಟು ಮರ ವಾಲುತ್ತಿದ್ದರೆ ವಿಡಿಯೋ ನೋಡುತ್ತಾ ಕೂರಬೇಡಿ. ಅದರ ಕೆಳಗೆ ಯಾರೂ ಹೋಗದಂತೆ ನೋಡಿಕೊಳ್ಳಿ, ತಿಳಿದವರನ್ನು ತಕ್ಷಣ ಕರೆಸಿ.

ಮೊದಲ ಮರಕ್ಕೆ ಏನು ಮಾಡಿದೆವು ಅಂದರೆ, ಏರಿಸಿದ ಮಣ್ಣನ್ನು ಬುಡದ ಅಗಲ ಕಾಣುವವರೆಗೆ ತೆಗೆದೆವು. ಸುತ್ತಿದ ಬೇರು ಕಾಂಡದೊಳಗೆ ಹೂತುಹೋಗಿರಲಿಲ್ಲ, ಹಾಗಾಗಿ ತೊಗಟೆಗೆ ತಾಗದಂತೆ ಕತ್ತರಿಸಿದೆವು. ಹೂತುಹೋಗಿದ್ದರೆ ಕೀಳಲು ಹೋಗುತ್ತಿರಲಿಲ್ಲ, ಕಾಂಡಕ್ಕೇ ಗಾಯವಾಗುತ್ತದೆ. ಒಣ ಎಲೆ, ಮರದ ಚೂರು ಸುಮಾರು 5ರಿಂದ 8 ಸೆಂಟಿಮೀಟರ್ ದಪ್ಪಕ್ಕೆ ಮಣ್ಣಿನ ಮೇಲೆ ಹರಡಿದೆವು, ಕಾಂಡಕ್ಕೆ ಮುಟ್ಟದಂತೆ. ಗೊಬ್ಬರ, ಸಿಂಪಡಣೆ ಎರಡೂ ನಿಲ್ಲಿಸಿದ್ದಾರೆ. ಮರ ಬದುಕುತ್ತದೆ ಅಂತ ನಾನು ಮಾತು ಕೊಟ್ಟಿಲ್ಲ. ಮುಂದಿನ ಚಿಗುರು ಬಂದಾಗ ಪ್ರತಿ ರೆಂಬೆಯ ಹೊಸ ಬೆಳವಣಿಗೆ ಎಷ್ಟು ಉದ್ದ ಅಂತ ಅಳೆದು ಬರೆದಿಡಲು ಮನೆಯವರಿಗೆ ಹೇಳಿದ್ದೇನೆ. ಹಿಂದಿನ ವರ್ಷಕ್ಕಿಂತ ಉದ್ದವಾಗಿದ್ದರೆ ಬೇರು ಚೇತರಿಸಿಕೊಳ್ಳುತ್ತಿದೆ ಅಂತ ನಂಬಬಹುದು.